ಮಾರ್ಕ್ಸ್, ಡಾರ್ವಿನ್, ನಿಸರ್ಗ: ಓದುಬಳಗದ ಮೂರು ಸಭೆಗಳಿಗೆ ಏನನ್ನು ಹೇಗೆ ಓದಿಸುವುದು?

ಹೊಸಓದು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಓದುಬಳಗವೊಂದಕ್ಕೆ ತಲಾ ಎರಡು ಗಂಟೆಯ ಮೂರು ಸಭೆ ನಡೆಸಬೇಕಿದೆ. ವಿಷಯ ಮಾರ್ಕ್ಸ್‌ವಾದ, ಜೀವವಿಕಾಸ ಮತ್ತು ನಿಸರ್ಗ. ಬರುವವರೆಲ್ಲ ಕಮ್ಯುನಿಸ್ಟ್ ಪ್ರಣಾಳಿಕೆ ಓದಿದವರು. ಜೀವಶಾಸ್ತ್ರ ಮಾತ್ರ ಶಾಲೆಯಲ್ಲಿ ಕಲಿತಷ್ಟೇ.

ಗೊಂದಲಗಳು ಇವು. ಮಾರ್ಕ್ಸ್ ತನ್ನ ‘ಬಂಡವಾಳ’ (ದಾಸ್ ಕ್ಯಾಪಿಟಲ್) ಗ್ರಂಥವನ್ನು ಡಾರ್ವಿನ್‌ಗೆ ಅರ್ಪಿಸಲು ಹೊರಟಿದ್ದ, ಡಾರ್ವಿನ್ ಬೇಡವೆಂದ ಎಂದು ಹಲವು ಕಡೆ ಬರೆದಿದ್ದಾರೆ. ನಿಜವೇ? ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆಗೂ, ಉತ್ಪಾದನೆಯ ರೀತಿ ಬದಲಾದಂತೆ ಸಮಾಜ ಬದಲಾಗುತ್ತದೆ ಎಂಬ ಮಾರ್ಕ್ಸ್‌ನ ಐತಿಹಾಸಿಕ ಭೌತವಾದಕ್ಕೂ ತರ್ಕದ ನಂಟು ಇದೆಯೇ, ಇಲ್ಲ ಬರಿಯ ಮೆಚ್ಚುಗೆಯೇ? ‘ಚಯಾಪಚಯದ ಬಿರುಕು’ (ಮನುಷ್ಯರಿಗೂ ನಿಸರ್ಗಕ್ಕೂ ನಡುವಿನ ವಸ್ತುಗಳ ಕೊಡುಕೊಳ್ಳುವಿಕೆ ಕಡಿದುಹೋಗುವುದು) ಮಾರ್ಕ್ಸ್‌ನದೇ ವಿಚಾರವೋ, ಈಚಿನವರು ಸೇರಿಸಿದ್ದೋ? ಅದನ್ನು ಲೆಕ್ಕ ಹಾಕಿ ತೋರಿಸಲು ಆಗುತ್ತದೆಯೇ? ಸೋವಿಯತ್ ಕೃಷಿವಿಜ್ಞಾನಿ ಲೈಸೆಂಕೊ ಮತ್ತು ಸೋವಿಯತ್ ಮಧ್ಯ ಏಷ್ಯಾದಲ್ಲಿ ಒಣಗತೊಡಗಿದ ಅರಲ್ ಸಮುದ್ರ ಎಂಬ ಸರೋವರದ ಮಾತಂತೂ ಬಂದೇ ಬರುತ್ತದೆ. ಅದಕ್ಕೆ ಪ್ರಾಮಾಣಿಕ ಉತ್ತರ ಏನು?

ಅಡಿಟಿಪ್ಪಣಿ

ಅರ್ಪಣೆಯ ಕಥೆ ಸುಳ್ಳು. ಆದರೆ ಅದು ಹುಟ್ಟಿದ ಬಗೆ ನಿಮಗೆ ಗೊತ್ತಿರಬೇಕು, ಯಾಕೆಂದರೆ ಅದರ ಹಿಂದೆ ನಿಜವಾದ ಒಂದು ಪತ್ರ ಇದೆ. 1880ರ ಅಕ್ಟೋಬರ್ 13ರಂದು ಡಾರ್ವಿನ್ ಒಬ್ಬರಿಗೆ ಬರೆದು, ಪುಸ್ತಕವನ್ನು ತನಗೆ ಅರ್ಪಿಸುವುದು ಬೇಡ ಎಂದು ನಯವಾಗಿ ತಿಳಿಸಿದ. ಧರ್ಮದ ಮೇಲೆ ನೇರ ದಾಳಿ ಮಾಡುವ ಬರಹಕ್ಕೆ ತನ್ನ ಹೆಸರು ಸೇರಿದರೆ ಮನೆಯ ಕೆಲವರಿಗೆ ನೋವಾದೀತು ಎಂಬುದು ಅವನ ಅಳುಕು. ಪತ್ರದಲ್ಲಿ ಯಾರ ಹೆಸರೂ ಇರಲಿಲ್ಲ, ಸಿಕ್ಕಿದ್ದು ಮಾರ್ಕ್ಸ್‌ನ ಕಾಗದಗಳ ನಡುವೆ. ಹಾಗಾಗಿ ಅವನಿಗೇ ಬರೆದದ್ದು ಎಂದುಕೊಂಡುಬಿಟ್ಟರು. 1970ರ ದಶಕದಲ್ಲಿ ಮಾರ್ಗರೆಟ್ ಫೇ ಮತ್ತು ಲೂಯಿಸ್ ಫ್ಯೂಯರ್ ದಾಖಲೆಗಳನ್ನು ತಾಳೆ ನೋಡಿ, ಪತ್ರ ಹೋಗಿದ್ದು ಎಡ್ವರ್ಡ್ ಏವ್ಲಿಂಗ್‌ಗೆ ಎಂದು ತೋರಿಸಿದರು. ಏವ್ಲಿಂಗ್ ಮಾರ್ಕ್ಸ್‌ನ ಮಗಳು ಎಲಿನರ್‌ಳ ಸಂಗಾತಿ. ಮಾರ್ಕ್ಸ್, ಏವ್ಲಿಂಗ್ ಇಬ್ಬರ ಕಾಗದಪತ್ರಗಳೂ ಒಂದೇ ಕಡೆ ಬೆರೆತುಹೋಗಿದ್ದವು. ಅರ್ಪಿಸಬೇಕೆಂದಿದ್ದ ಪುಸ್ತಕವೂ ಏವ್ಲಿಂಗ್‌ನದೇ. ಇನ್ನು ‘ಬಂಡವಾಳ’ದ ಮೊದಲ ಸಂಪುಟ 1867ರಲ್ಲಿ ಹೊರಬಂದಾಗಲೇ ಗೆಳೆಯ ವಿಲ್ಹೆಲ್ಮ್ ವೋಲ್ಫ್‌ಗೆ ಅರ್ಪಣೆಯಾಗಿತ್ತು. ಪುಸ್ತಕ ತೆರೆದು ನೋಡಿದರೆ ಇಷ್ಟು ತಿಳಿಯುತ್ತದೆ.

ನಡೆದದ್ದು ಇಷ್ಟು: ಮಾರ್ಕ್ಸ್ 1873ರಲ್ಲಿ ಎರಡನೇ ಜರ್ಮನ್ ಮುದ್ರಣದ ಒಂದು ಪ್ರತಿಯನ್ನು ಡಾರ್ವಿನ್‌ಗೆ ಕಳಿಸಿದ. ಡಾರ್ವಿನ್ ಅಕ್ಟೋಬರ್ 1ರಂದು ಚುಟುಕಾಗಿ ವಂದನೆ ಬರೆದ. 822 ಪುಟಗಳ ಆ ಪ್ರತಿಯಲ್ಲಿ ಮೊದಲ 105 ಪುಟಗಳ ಅಂಚು ಮಾತ್ರ ಕತ್ತರಿಸಿದೆ (ಆಗ ಓದುವವರೇ ಹಾಳೆಯ ಅಂಚು ಕತ್ತರಿಸಿ ತೆರೆಯಬೇಕಿತ್ತು), ಮುಂದಿನವು ತೆರೆದೇ ಇಲ್ಲ. ಡಾರ್ವಿನ್‌ಗೆ ಜರ್ಮನ್ ಓದುವುದು ಕಷ್ಟವಾಗುತ್ತಿತ್ತು ಎಂಬುದನ್ನೂ ಜೊತೆಗೆ ಹೇಳಿ, ಇಲ್ಲದಿದ್ದರೆ ಅದು ತಿರಸ್ಕಾರದಂತೆ ಕೇಳಿಸುತ್ತದೆ.

ಮೊದಲ ಸಭೆಗೆ ನಾಲ್ಕು ಪತ್ರ ಸಾಕು. ಅವನ್ನು ಕಾಲಕ್ರಮದಲ್ಲೇ ಓದಿಸಿ. 1859ರ ನವೆಂಬರ್ 24ರಂದು ಡಾರ್ವಿನ್‌ನ ‘ಜೀವಜಾತಿಗಳ ಉಗಮ’ ಪುಸ್ತಕ ಬಂತು. ಡಿಸೆಂಬರ್‌ನಲ್ಲೇ ಎಂಗೆಲ್ಸ್ ಅದನ್ನು ಓದುತ್ತಾ ಮಾರ್ಕ್ಸ್‌ಗೆ ಬರೆಯುತ್ತಾನೆ: ನಿಸರ್ಗದಲ್ಲಿ ಮೊದಲೇ ಇಟ್ಟ ಗುರಿ ಇದೆ ಎಂಬ ವಾದ ಈಗ ಮುರಿದುಬಿತ್ತು ಎಂದು. ಮಾರ್ಕ್ಸ್ ಓದಿದ್ದು ಒಂದು ವರ್ಷ ತಡವಾಗಿ. 1860ರ ಡಿಸೆಂಬರ್ 19ರ ಪತ್ರದಲ್ಲಿ, ನಮ್ಮ ದೃಷ್ಟಿಗೆ ನಿಸರ್ಗ ಚರಿತ್ರೆಯ ಬುನಾದಿ ಈ ಪುಸ್ತಕದಲ್ಲಿದೆ ಎಂಬರ್ಥದ ಮಾತಿದೆ. 1862ರ ಜೂನ್ 18ರಂದು ಅದೇ ಮಾರ್ಕ್ಸ್, ಡಾರ್ವಿನ್ ಪ್ರಾಣಿ ಸಸ್ಯಗಳ ನಡುವೆ ತನ್ನ ಇಂಗ್ಲಿಷ್ ಸಮಾಜವನ್ನೇ, ಅದರ ಪೈಪೋಟಿ, ಶ್ರಮವಿಭಜನೆ, ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂದ ಮಾಲ್ತಸ್‌ನ ಅಸ್ತಿತ್ವದ ಹೋರಾಟ ಎಲ್ಲವನ್ನೂ ಮತ್ತೆ ಕಾಣುತ್ತಾನೆ ಎಂದು ಬರೆಯುತ್ತಾನೆ. 1875ರ ನವೆಂಬರ್‌ನಲ್ಲಿ ಎಂಗೆಲ್ಸ್ ರಷ್ಯಾದ ಚಿಂತಕ ಲಾವ್ರೊವ್‌ಗೆ ಬರೆದದ್ದು ನಾಲ್ಕನೆಯದು: ಮೊದಲು ಸಮಾಜದ ಸಿದ್ಧಾಂತವನ್ನು ನಿಸರ್ಗಕ್ಕೆ ಒಯ್ಯುತ್ತಾರೆ, ಆಮೇಲೆ ಅದನ್ನೇ ನಿಸರ್ಗದಿಂದ ಸಮಾಜಕ್ಕೆ ತಂದು ಶಾಶ್ವತ ನಿಯಮ ಎನ್ನುತ್ತಾರೆ.

ಹೆಚ್ಚಿನ ಬರಹಗಳು ಎಡವುವುದು ಇಲ್ಲೇ. 1860ರ ಪತ್ರ ಒಂದನ್ನೇ ಹಿಡಿದವರು ‘ಮಾರ್ಕ್ಸ್ ಡಾರ್ವಿನ್‌ವಾದಿ’ ಎನ್ನುತ್ತಾರೆ, 1862ರದ್ದನ್ನೇ ಹಿಡಿದವರು ‘ವಿರೋಧಿ’ ಎನ್ನುತ್ತಾರೆ. ನಾಲ್ಕನ್ನೂ ಒಟ್ಟಿಗೆ ಇಟ್ಟರೆ ನಿಲುವು ಸ್ಪಷ್ಟ. ಗುರಿಯಿಲ್ಲದೆ ಬದಲಾವಣೆ ನಡೆಯುತ್ತದೆ ಎಂಬುದನ್ನು ಮಾರ್ಕ್ಸ್, ಎಂಗೆಲ್ಸ್ ಇಬ್ಬರೂ ಪೂರ್ತಿ ಒಪ್ಪಿದರು. ಅದನ್ನು ಸಮಾಜದ ನಿಯಮವಾಗಿ ವಾಪಸ್ ತರುವುದನ್ನು ಒಪ್ಪಲಿಲ್ಲ.

ಇನ್ನೊಂದನ್ನು ಮರೆಯಬೇಡಿ. ಎಂಗೆಲ್ಸ್ 1878ರ ‘ಆಂಟಿ-ಡ್ಯೂರಿಂಗ್’ನಲ್ಲಿ ಡಾರ್ವಿನ್ ಪರವಾಗಿ ವಾದಿಸುತ್ತಾ, ಅಸ್ತಿತ್ವಕ್ಕಾಗಿ ಹೋರಾಟವನ್ನು ಕಾಣಲು ಮಾಲ್ತಸ್‌ನ ಕನ್ನಡಕ ಬೇಕಿಲ್ಲ ಎನ್ನುತ್ತಾನೆ. ಲೆಕ್ಕವಿಲ್ಲದಷ್ಟು ಬೀಜ, ಮೊಟ್ಟೆ ಹುಟ್ಟುತ್ತವೆ, ಬೆಳೆದು ನಿಲ್ಲುವುದು ಕೆಲವೇ. ಅದು ಕಣ್ಣಿಗೆ ಕಾಣುವ ಸಂಗತಿ. ಒಂದು ಕಲ್ಪನೆ ಎಲ್ಲಿಂದ ಬಂತು ಎಂದು ತೋರಿಸಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಲೈಸೆಂಕೊ ಪ್ರಶ್ನೆಗೆ ಈ ಸಾಲು ಬೇಕಾಗುತ್ತದೆ.

ಜೀವಜಾಲ

ಎರಡನೇ ಪ್ರಶ್ನೆ ನನ್ನ ಪಾಲಿಗಿರಲಿ.

ನಿಸರ್ಗದ ಆಯ್ಕೆ ನಡೆಯಲು ಮೂರು ಷರತ್ತು: ಒಂದೇ ಜಾತಿಯ ಜೀವಿಗಳಲ್ಲಿ ವ್ಯತ್ಯಾಸ ಇರಬೇಕು, ಅದು ಮರಿಗಳಿಗೆ ಇಳಿಯಬೇಕು, ಅದರಿಂದ ಬದುಕುಳಿದು ಸಂತಾನ ಬೆಳೆಸುವ ಸಾಧ್ಯತೆ ಹೆಚ್ಚುಕಡಿಮೆ ಆಗಬೇಕು. ಈಗ ಐತಿಹಾಸಿಕ ಭೌತವಾದವನ್ನು ಪಕ್ಕಕ್ಕಿಡಿ. ಅಲ್ಲಿ ಉತ್ಪಾದನಾ ಶಕ್ತಿಗಳಿವೆ, ಉತ್ಪಾದನಾ ಸಂಬಂಧಗಳಿವೆ, ವರ್ಗಗಳಿವೆ. ಯಂತ್ರ, ಕಾನೂನು, ಒಡೆತನ ಇವು ರಕ್ತದಲ್ಲಿ ಇಳಿಯುವುದಿಲ್ಲ, ಕಲಿಕೆಯಿಂದ ಮತ್ತು ಸಂಸ್ಥೆಗಳಿಂದ ಇಳಿಯುತ್ತವೆ. ಆದ್ದರಿಂದ ‘ವರ್ಗಹೋರಾಟವೇ ಸಮಾಜದ ನೈಸರ್ಗಿಕ ಆಯ್ಕೆ’ ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಮಾರ್ಕ್ಸ್ ಸಾಗಿದ್ದು ಆ ದಾರಿಯಲ್ಲಲ್ಲ. ‘ಬಂಡವಾಳ’ದ ಯಂತ್ರೋದ್ಯಮದ ಅಧ್ಯಾಯದ ಅಡಿಟಿಪ್ಪಣಿಯೊಂದರಲ್ಲಿ ಅವನು ಹೋಲಿಸುವುದು ಬೇರೆಯದನ್ನು: ಪ್ರಾಣಿ ಸಸ್ಯಗಳ ಅಂಗಗಳು ಅವುಗಳ ಬದುಕಿನ ಸಾಧನಗಳಾಗಿ ರೂಪುಗೊಂಡ ಚರಿತ್ರೆಯನ್ನು ಡಾರ್ವಿನ್ ಬರೆದ, ಸಮಾಜದ ಮನುಷ್ಯನ ಉತ್ಪಾದನಾ ಸಾಧನಗಳಿಗೂ ಅಂಥ ಚರಿತ್ರೆ ಬೇಡವೇ ಎನ್ನುತ್ತಾನೆ. ಆ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿಸಿ, ಅರ್ಧ ಗಂಟೆ ಚರ್ಚೆಗೆ ಸಾಲುವಷ್ಟು ವಿಷಯ ಅದರಲ್ಲಿದೆ.

ಜೊತೆಗೆ ಡಾರ್ವಿನ್‌ನ ‘ಜೀವಜಾತಿಗಳ ಉಗಮ’ದ ಮೂರನೇ ಅಧ್ಯಾಯವನ್ನೂ ಓದಿಸಿ. ‘ಹೋರಾಟ’ವನ್ನು ವಿಶಾಲವಾದ, ರೂಪಕದ ಅರ್ಥದಲ್ಲಿ ಬಳಸುತ್ತಿದ್ದೇನೆ, ಒಂದು ಜೀವಿ ಇನ್ನೊಂದನ್ನು ಅವಲಂಬಿಸುವುದೂ ಅದರಲ್ಲಿ ಸೇರಿದೆ ಎಂದು ಅವನೇ ಅಲ್ಲಿ ಹೇಳುತ್ತಾನೆ. ಉದಾಹರಣೆಯೂ ಅಲ್ಲೇ ಇದೆ: ಕೆಂಪು ಕ್ಲೋವರ್ ಗಿಡಕ್ಕೆ ಪರಾಗ ಮುಟ್ಟಿಸುವುದು ದುಂಬಿಗಳು, ದುಂಬಿಯ ಗೂಡು ಹಾಳು ಮಾಡುವುದು ಇಲಿಗಳು, ಇಲಿ ಹಿಡಿಯುವುದು ಬೆಕ್ಕು. ಹಾಗಾಗಿ ಊರಿನ ಬೆಕ್ಕುಗಳ ಸಂಖ್ಯೆಗೂ ಹೊಲದ ಹೂವಿಗೂ ಸಂಬಂಧ ಇರಬಹುದು. ಪರಿಸರ ವಿಜ್ಞಾನಕ್ಕೆ ಜರ್ಮನ್ ಜೀವವಿಜ್ಞಾನಿ ಹೆಕೆಲ್ 1866ರಲ್ಲಿ ಹೆಸರಿಡುವ ಮೊದಲೇ ಬರೆದ ಮಾತಿದು.

ಎರಡನೇ ಸಭೆಗೆ ಎಂಗೆಲ್ಸ್ 1876ರಲ್ಲಿ ಬರೆದ, 1896ರಲ್ಲಿ ಅಚ್ಚಾದ ಲೇಖನ, ವಾನರ ಮನುಷ್ಯನಾಗುವಲ್ಲಿ ಶ್ರಮದ ಪಾತ್ರ ಕುರಿತದ್ದು. ಅದನ್ನು ಓದಿಸುವಾಗ ಸರಿ ಯಾವುದು, ತಪ್ಪು ಯಾವುದು ಎಂದು ಬೇರ್ಪಡಿಸಿ ಹೇಳಬೇಕು. ಮೊದಲು ನೆಟ್ಟಗೆ ನಿಂತದ್ದು, ಕೈ ಬಿಡುವಾದದ್ದು, ಮಿದುಳು ದೊಡ್ಡದಾದದ್ದು ಆಮೇಲೆ ಎಂಬ ಅವನ ಕ್ರಮ ಸರಿ. ‘ಮೊದಲು ಮಿದುಳು’ ಎಂದು ಹಲವು ವಿದ್ವಾಂಸರು ನಂಬಿದ್ದ ಕಾಲ ಅದು. ಇಥಿಯೋಪಿಯಾದ ಹಾಡಾರ್‌ನಲ್ಲಿ 1974ರಲ್ಲಿ ಸಿಕ್ಕ ‘ಲೂಸಿ’ ಸುಮಾರು 32 ಲಕ್ಷ ವರ್ಷ ಹಳೆಯವಳು. ಎರಡು ಕಾಲಲ್ಲಿ ನಡೆಯುತ್ತಿದ್ದಳು, ಮಿದುಳು ಚಿಂಪಾಂಜಿಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಆದರೆ ಕೆಲಸದಿಂದ ಕೈ ಪಳಗಿ, ಆ ಪಳಗಿದ ಗುಣವೇ ಮಕ್ಕಳಿಗೆ ಇಳಿಯಿತು ಎಂಬ ಅವನ ವಿವರಣೆ ಲಮಾರ್ಕ್‌ನದು, ಅದು ನಿಲ್ಲುವುದಿಲ್ಲ. ಆಗ ಡಾರ್ವಿನ್‌ನೂ ಸೇರಿದಂತೆ ಬಹುತೇಕರು ಅದನ್ನು ಸ್ವಲ್ಪಮಟ್ಟಿಗೆ ಒಪ್ಪಿದ್ದರು. ಹಾಗೆಂದು ಅದನ್ನು ಮುಚ್ಚಿಡಬಾರದು. ಇಂದಿನ ತಿದ್ದುಪಡಿ ಹೀಗೆ: ಉಪಕರಣ ಬಳಕೆ ತಲೆಮಾರಿನಿಂದ ತಲೆಮಾರಿಗೆ ಕಲಿಕೆಯಿಂದ ಮುಂದುವರಿಯಿತು. ಆ ಹೊಸ ಬದುಕಿನಲ್ಲಿ ಚುರುಕು ಕೈಗೆ ಅನುಕೂಲವಾದ ಆನುವಂಶಿಕ ವ್ಯತ್ಯಾಸಗಳು ಆಯ್ಕೆಯಾದವು.

ಎಂಗೆಲ್ಸ್‌ನ ಒಳನೋಟಕ್ಕೆ ನಿಜವಾದ ಜೀವಶಾಸ್ತ್ರದ ರೂಪ ಕೊಟ್ಟವರು ರಿಚರ್ಡ್ ಲೆವಿನ್ಸ್ ಮತ್ತು ರಿಚರ್ಡ್ ಲೆವೊಂಟಿನ್. ಅವರ 1985ರ ಪುಸ್ತಕ ಎಂಗೆಲ್ಸ್‌ಗೇ ಅರ್ಪಣೆಯಾಗಿದೆ. ವಾದವನ್ನು ಕಪ್ಪುಹಲಗೆಯ ಮೇಲೆ ಎರಡು ಜೋಡಿ ಸಾಲಾಗಿ ಬರೆಯಿರಿ. ಹಳೆಯ ಜೋಡಿ: ಜೀವಿಯಲ್ಲಿ ಆಗುವ ಬದಲಾವಣೆ ಜೀವಿ ಮತ್ತು ಪರಿಸರ ಎರಡನ್ನೂ ಅವಲಂಬಿಸುತ್ತದೆ, ಪರಿಸರದ ಬದಲಾವಣೆ ಪರಿಸರವನ್ನು ಮಾತ್ರ. ಹೊಸ ಜೋಡಿಯಲ್ಲಿ ಮೊದಲ ಸಾಲು ಹಾಗೇ ಇರುತ್ತದೆ, ಎರಡನೆಯದು ಬದಲಾಗುತ್ತದೆ: ಪರಿಸರದ ಬದಲಾವಣೆಯೂ ಎರಡನ್ನೂ ಅವಲಂಬಿಸುತ್ತದೆ. ಬದಲಾದದ್ದು ಒಂದೇ ಪದ, ಆದರೆ ಇದರಿಂದ ಜೀವಿ ಬರಿಯ ಪೆಟ್ಟು ತಿನ್ನುವ ವಸ್ತುವಾಗಿ ಉಳಿಯುವುದಿಲ್ಲ, ತನ್ನನ್ನು ಆಯ್ಕೆ ಮಾಡುವ ಪರಿಸರವನ್ನು ತಾನೂ ಕಟ್ಟುತ್ತದೆ.

ಉದಾಹರಣೆಗೆ ಎರೆಹುಳು ತೆಗೆದುಕೊಳ್ಳಿ. ಅದರ ಮೂತ್ರಾಂಗದ ವ್ಯವಸ್ಥೆ ಇಂದಿಗೂ ಸಿಹಿನೀರಿನ ಪ್ರಾಣಿಯದರಂತಿದೆ, ಒಣ ನೆಲಕ್ಕೆ ಹೇಳಿಸಿದ್ದಲ್ಲ. ಅದು ತನ್ನ ದೇಹವನ್ನು ಬದಲಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಮಣ್ಣನ್ನು ಬದಲಿಸುತ್ತದೆ: ಬಿಲ ಕೊರೆದು, ಲೋಳೆ ಬಳಿದು, ಎಲೆ ಎಳೆದು ತಂದು ತೇವ ಹಿಡಿಯುವ ಹರಳು ಮಣ್ಣು ಮಾಡುತ್ತದೆ. ಇಂಗ್ಲೆಂಡಿನ ಹಲವೆಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಒಣ ಮಣ್ಣು ಎರೆಹುಳುಗಳ ದೇಹದ ಮೂಲಕ ಹಾದುಹೋಗುತ್ತದೆ ಎಂದು ಡಾರ್ವಿನ್ 1881ರಲ್ಲಿ ಲೆಕ್ಕ ಕೊಟ್ಟ. ಮನುಷ್ಯರಲ್ಲಿ ನೋಡಬೇಕೆಂದರೆ ಹಾಲು. ಹೆಚ್ಚಿನ ಸಸ್ತನಿಗಳಂತೆ ನಮ್ಮಲ್ಲೂ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವ ಇಳಿಯುವುದೇ ಮೂಲ ಸ್ಥಿತಿ. ದನ ಸಾಕಿ ಹಾಲು ಬಳಸಿದ ಸಮುದಾಯಗಳಲ್ಲಿ ಅದನ್ನು ದೊಡ್ಡವರಾದ ಮೇಲೂ ಉಳಿಸುವ ರೂಪಾಂತರಗಳು ಹಬ್ಬಿದವು, ಯೂರೋಪಿನಲ್ಲಿ ಒಂದು, ಪೂರ್ವ ಆಫ್ರಿಕಾದಲ್ಲಿ ಬೇರೆಯವು. ಶ್ರಮದಿಂದ ಪರಿಸರ ಬದಲಾಯಿತು, ಬದಲಾದ ಪರಿಸರದಲ್ಲಿ ಆಯ್ಕೆ ನಡೆಯಿತು.

ಮಣ್ಣಿನಪಾಠ

‘ಚಯಾಪಚಯದ ಬಿರುಕು’ ಎಂಬ ಸಿದ್ಧಾಂತದ ಹೆಸರು ಈಚಿನದು, 1999ರಲ್ಲಿ ಜಾನ್ ಬೆಲ್ಲಮಿ ಫಾಸ್ಟರ್ ಕೊಟ್ಟದ್ದು. ಒಳಗಿನ ವಿಚಾರ ಮಾರ್ಕ್ಸ್‌ನದೇ. ಮೂರನೇ ಸಭೆಗೆ ಓದಿಸಬೇಕಾದದ್ದು ಮೂರು ತುಣುಕು: ಮೊದಲ ಸಂಪುಟದಲ್ಲಿ ಶ್ರಮ ಪ್ರಕ್ರಿಯೆಯ ಆರಂಭದ ಪುಟಗಳು, ಯಂತ್ರೋದ್ಯಮ ಅಧ್ಯಾಯದ ಕೊನೆಯ, ಅಂದರೆ 10ನೇ ವಿಭಾಗ, ಮೂರನೇ ಸಂಪುಟದ 46 ಮತ್ತು 47ನೇ ಅಧ್ಯಾಯಗಳ ಕೊನೆಯ ಪುಟಗಳು. ಒಂದು ಎಚ್ಚರಿಕೆ: ಮೊದಲ ಸಂಪುಟದ ಅಧ್ಯಾಯ ಸಂಖ್ಯೆ ಎಲ್ಲ ಆವೃತ್ತಿಯಲ್ಲೂ ಒಂದೇ ಅಲ್ಲ. ಯಂತ್ರೋದ್ಯಮದ ಅಧ್ಯಾಯ ಜರ್ಮನ್‌ನಲ್ಲಿ 13, ಇಂಗ್ಲಿಷ್‌ನಲ್ಲಿ 15. ಶ್ರಮ ಪ್ರಕ್ರಿಯೆ ಜರ್ಮನ್‌ನಲ್ಲಿ 5, ಇಂಗ್ಲಿಷ್‌ನಲ್ಲಿ 7. ಸಂಖ್ಯೆ ಹೇಳಿ ಕಳಿಸಿದರೆ ಅರ್ಧ ಜನ ಬೇರೆಯದನ್ನೇ ಓದಿ ಬರುತ್ತಾರೆ, ಶೀರ್ಷಿಕೆ ಹೇಳಿ.

ಹಿನ್ನೆಲೆಯಲ್ಲಿ ಇರುವವನು ರಸಾಯನಶಾಸ್ತ್ರಜ್ಞ ಲೀಬಿಗ್. ಬೆಳೆ ಮಣ್ಣಿನಿಂದ ಪೋಷಕಾಂಶ ಎತ್ತುತ್ತದೆ, ಧಾನ್ಯ ನಗರಕ್ಕೆ ಹೋಗುತ್ತದೆ, ನಗರದ ಮಲಮೂತ್ರ ನದಿಗೆ ಹೋಗುತ್ತದೆ, ಹೊಲಕ್ಕೆ ಏನೂ ಹಿಂದಿರುಗುವುದಿಲ್ಲ. ತನ್ನ ಕೃಷಿ ರಸಾಯನಶಾಸ್ತ್ರದ ಪುಸ್ತಕದ 1862ರ ಏಳನೇ ಆವೃತ್ತಿಯಲ್ಲಿ ಲೀಬಿಗ್ ಇದನ್ನು ಲೂಟಿ ಬೇಸಾಯ ಎಂದೇ ಕರೆದ. ಆ ಕೊರತೆ ತುಂಬಲು ಪೆರುವಿನ ಚಿಂಚಾ ದ್ವೀಪಗಳಿಂದ ಗುವಾನೊ, ಅಂದರೆ ಕಡಲಹಕ್ಕಿಗಳ ಹಿಕ್ಕೆ, ಹಡಗುಗಟ್ಟಲೆ ಯೂರೋಪಿಗೆ ಬಂತು. ಮಾರ್ಕ್ಸ್ ಇದಕ್ಕೆ ಸೇರಿಸಿದ್ದು ಯಾಕೆ ಎಂಬ ಪ್ರಶ್ನೆಯನ್ನು. ತಕ್ಷಣದ ಲಾಭಕ್ಕೆ ಹೊಂದಿಕೊಂಡ ಉತ್ಪಾದನೆಗೂ ಮುಂದಿನ ತಲೆಮಾರುಗಳಿಗೆ ಮಣ್ಣು ಉಳಿಸಬೇಕಾದ ಬೇಸಾಯಕ್ಕೂ ವಿರೋಧ ಇದೆ. ಗುತ್ತಿಗೆ ಮುಗಿದ ಮೇಲೆ ಸುಧಾರಿಸಿದ ನೆಲದ ಫಲ ಭೂಮಾಲೀಕನದಾಗುವಾಗ, ಗುತ್ತಿಗೆದಾರ ನಿಧಾನಕ್ಕೆ ಫಲ ಕೊಡುವ ಸುಧಾರಣೆಗೆ ಕೈ ಹಾಕುವುದಿಲ್ಲ. 46ನೇ ಅಧ್ಯಾಯದಲ್ಲಿ ಇನ್ನೂ ಮುಂದೆ ಹೋಗಿ, ಇಡೀ ಸಮಾಜವೂ ಭೂಮಿಯ ಒಡೆಯನಲ್ಲ, ಅನುಭೋಗಿ ಮಾತ್ರ, ಉತ್ತಮಪಡಿಸಿ ಮುಂದಿನವರಿಗೆ ಒಪ್ಪಿಸಬೇಕು ಎನ್ನುತ್ತಾನೆ.

ಈಗ ಲೆಕ್ಕ. ಮೂರನೇ ಸಂಪುಟದಲ್ಲೇ ಮಾರ್ಕ್ಸ್, ಲಂಡನ್ನಿನ 45 ಲಕ್ಷ ಜನರ ಮಲಮೂತ್ರದಿಂದ ಥೇಮ್ಸ್ ನದಿ ಕೆಡಿಸುವುದು ಬಿಟ್ಟು ಬೇರೆ ಉಪಯೋಗ ಗೊತ್ತಿಲ್ಲ ಎಂದು ಬೇಸರಿಸುತ್ತಾನೆ. ಅದೇ ಸಂಖ್ಯೆ ಹಿಡಿಯಿರಿ.

ಒಬ್ಬರು ದಿನಕ್ಕೆ 60 ಗ್ರಾಂ ಪ್ರೊಟೀನ್ ತಿಂದರೆ ವರ್ಷಕ್ಕೆ ಸುಮಾರು 22 ಕೆಜಿ. ಪ್ರೊಟೀನ್‌ನಲ್ಲಿರುವ ಸಾರಜನಕದ ತೂಕ ತಿಳಿಯಲು ಅದನ್ನು 6.25ರಿಂದ ಭಾಗಿಸಿ: 3.5 ಕೆಜಿ ಸಾರಜನಕ. ಬೆಳವಣಿಗೆ ಮುಗಿದ ದೇಹ ಸಾರಜನಕವನ್ನು ಕೂಡಿಡುವುದಿಲ್ಲ, ತಿಂದಷ್ಟೂ ಹೊರಬರುತ್ತದೆ, ಬಹುಪಾಲು ಮೂತ್ರದಲ್ಲಿ. 45 ಲಕ್ಷ ಜನಕ್ಕೆ ಸುಮಾರು 15,750 ಟನ್. ಇನ್ನೊಂದು ಕಡೆ, 12% ಪ್ರೊಟೀನ್ ಇರುವ 1 ಟನ್ ಗೋಧಿಯಲ್ಲಿ 120 ಕೆಜಿ ಪ್ರೊಟೀನ್. ಗೋಧಿಗೆ 5.7ರಿಂದ ಭಾಗಿಸಬೇಕು: 21 ಕೆಜಿ ಸಾರಜನಕ. ಅಂದರೆ ನದಿಗೆ ಹೋದದ್ದು ವರ್ಷಕ್ಕೆ ಸುಮಾರು 7.5 ಲಕ್ಷ ಟನ್ ಗೋಧಿ ಕಾಳಿನಲ್ಲಿರುವ ಸಾರಜನಕ. ಬಡವರೂ ಮಕ್ಕಳೂ ಕಡಿಮೆ ತಿನ್ನುತ್ತಾರೆಂದು 50 ಗ್ರಾಂ ಹಿಡಿದರೂ 6 ಲಕ್ಷ ಟನ್ ದಾಟುತ್ತದೆ.

ಇದು ಗರಿಷ್ಠ ಮಿತಿ ಎಂದು ಹೇಳಿ. ಮೂತ್ರ ಬಿಸಿಲಲ್ಲಿ ನಿಂತರೆ ಯೂರಿಯಾ ಒಡೆದು ಅಮೋನಿಯಾ ಗಾಳಿಗೆ ಹೋಗುತ್ತದೆ. ಚರಂಡಿ ನೀರಿನಲ್ಲಿ ಬೆರೆತ ಮೇಲೆ ಎಷ್ಟು ತೆಳುವಾಗುತ್ತದೆಂದರೆ ಹೊಲಕ್ಕೆ ಸಾಗಿಸುವ ಖರ್ಚು ಗಿಟ್ಟುವುದಿಲ್ಲ. ರೋಗಾಣುಗಳ ಸಮಸ್ಯೆಯೂ ಇದೆ.

ಹೊಸಓದು

ಮೂವರಿಗೂ ಧನ್ಯವಾದ. ಮಣ್ಣಿನಪಾಠ ಅವರೇ, ಒಂದು ಆಕ್ಷೇಪಕ್ಕೆ ಉತ್ತರ ಬೇಕು. ಗಾಳಿಯ ಸಾರಜನಕದಿಂದಲೇ ಕಾರ್ಖಾನೆಯಲ್ಲಿ ಗೊಬ್ಬರ ಮಾಡುವಾಗ ಈ ಲೆಕ್ಕ ಹಳತಾಗಲಿಲ್ಲವೇ? ಲೈಸೆಂಕೊ ಬಗ್ಗೆಯೂ ಯಾರಾದರೂ ಬರೆಯಿರಿ.

ಮಣ್ಣಿನಪಾಠ

ಆಕ್ಷೇಪ ಗಟ್ಟಿಯಾದದ್ದೇ. ಹೇಬರ್-ಬಾಷ್ ವಿಧಾನದ ಮೊದಲ ಕಾರ್ಖಾನೆ 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಶುರುವಾಯಿತು. ಸಾರಜನಕ ಮುಗಿದುಹೋಗುವ ಭಯ ಅಲ್ಲಿಗೆ ನಿಂತಿತು. ಸಾರಜನಕದ ವಿಷಯದಲ್ಲಿ ಲೀಬಿಗ್ ಮೊದಲೇ ಎಡವಿದ್ದ ಕೂಡ. ಗಾಳಿಯ ಅಮೋನಿಯಾವೇ ಬೆಳೆಗೆ ಸಾಕು ಎಂದು ನಂಬಿದ್ದ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ನಡೆಸಿದ ಹೊಲದ ಪ್ರಯೋಗಗಳು ಅದನ್ನು ತಳ್ಳಿಹಾಕಿದವು.

ಆದರೆ ಬಿರುಕು ಮುಚ್ಚಲಿಲ್ಲ, ಜಾಗ ಬದಲಿಸಿತು. ಆ ಕಾರ್ಖಾನೆಗೆ ಬೇಕಾದ ಜಲಜನಕ ಬರುವುದು ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಹೊಲಕ್ಕೆ ಹಾಕಿದ್ದರಲ್ಲಿ ಬೆಳೆ ಹೀರದೆ ಉಳಿದದ್ದು ನೈಟ್ರೇಟ್ ಆಗಿ ನೀರಿಗೆ ಇಳಿಯುತ್ತದೆ, ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಏರುತ್ತದೆ. 100 ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯಾಗಿಸುವ ಅದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ನ ಸುಮಾರು 270 ಪಟ್ಟು. ಇದಾದ ಮೇಲೆ ರಂಜಕದ ಲೆಕ್ಕ ಮಾಡಿಸಿ. ಒಬ್ಬರಿಂದ ವರ್ಷಕ್ಕೆ ಸುಮಾರು ಅರ್ಧ ಕೆಜಿ ಹಿಡಿದರೆ 45 ಲಕ್ಷ ಜನಕ್ಕೆ 2,250 ಟನ್. ರಂಜಕ ಗಾಳಿಯಲ್ಲಿ ಇಲ್ಲ, ಬಂಡೆಯಿಂದ ಅಗೆಯಬೇಕು, ಸಮುದ್ರ ಸೇರಿದ ಮೇಲೆ ಮನುಷ್ಯರ ಕಾಲಮಾನದಲ್ಲಿ ವಾಪಸ್ ಬರುವುದಿಲ್ಲ. ಲೀಬಿಗ್‌ನ ವಾದ ಇಂದಿಗೂ ಬಿಗಿಯಾಗಿ ನಿಲ್ಲುವುದು ಇಲ್ಲಿ.

ಮಾರ್ಕ್ಸ್‌ನನ್ನು ಇಂದಿನ ಪರಿಸರವಾದಿಯಾಗಿ ಮಾಡಿಬಿಡಬೇಡಿ. 1848ರ ಪ್ರಣಾಳಿಕೆಯಲ್ಲಿ ನಿಸರ್ಗದ ಶಕ್ತಿಗಳನ್ನು ಹದ್ದುಬಸ್ತಿಗೆ ತಂದದ್ದು, ಖಂಡಗಳನ್ನೇ ಬೇಸಾಯಕ್ಕೆ ತೆರೆದದ್ದು ಬೆರಗಿನ ಸಂಗತಿಗಳಾಗಿಯೇ ಬರುತ್ತವೆ. ದನಿ ಬದಲಾದದ್ದು 1860ರ ದಶಕದ ಓದಿನಿಂದ. ಜರ್ಮನ್ ಕಾರ್ಮಿಕ ಪಕ್ಷದ ಗೋಥಾ ಕಾರ್ಯಕ್ರಮಕ್ಕೆ 1875ರಲ್ಲಿ ಬರೆದ ವಿಮರ್ಶೆಯಲ್ಲಂತೂ, ಶ್ರಮವೊಂದೇ ಸಂಪತ್ತಿನ ಮೂಲ ಎಂದ ತನ್ನ ಪಕ್ಷದವರನ್ನೇ ತಿದ್ದಿ, ಬಳಕೆ ಮೌಲ್ಯಗಳಿಗೆ ನಿಸರ್ಗವೂ ಅಷ್ಟೇ ಮೂಲ ಎನ್ನುತ್ತಾನೆ.

ಜೀವಜಾಲ

ಲೈಸೆಂಕೊ ವಿಷಯವನ್ನು ‘ಅದು ಸ್ಟಾಲಿನ್ ಕಾಲದ ತಪ್ಪು’ ಎಂದು ಒಂದೇ ಮಾತಲ್ಲಿ ಮುಗಿಸಬೇಡಿ, ನಿಖರವಾಗಿ ಎಲ್ಲಿ ಕೆಟ್ಟಿತು ಎಂದು ತೋರಿಸಿ. ಚಳಿಗಾಲದ ಗೋಧಿಯ ಬೀಜ ನೆನೆಸಿ, ತಂಪಿನಲ್ಲಿಟ್ಟು, ವಸಂತದಲ್ಲಿ ಬಿತ್ತಿದರೆ ಅದು ಅದೇ ಋತುವಿನಲ್ಲಿ ತೆನೆ ಬಿಡುತ್ತದೆ. ಇದು ನಿಜ, ಅವನಿಗಿಂತ ಮೊದಲೇ ಗೊತ್ತಿದ್ದದ್ದು. ತಪ್ಪು ಎರಡು ಕಡೆ. ಆ ಗುಣ ಮುಂದಿನ ಬೀಜಕ್ಕೂ ಇಳಿಯುತ್ತದೆ ಎಂದ. ಇಳುವರಿ ಹೆಚ್ಚಿತು ಎನ್ನಲು ಸಾಮೂಹಿಕ ಕೃಷಿಕ್ಷೇತ್ರಗಳಿಂದ ತುಂಬಿ ಬಂದ ಪ್ರಶ್ನಾವಳಿಗಳನ್ನು ಆಧಾರ ಮಾಡಿಕೊಂಡ. ಪಕ್ಕದಲ್ಲಿ ಅದೇ ಮಣ್ಣಿನ, ನೆನೆಸದ ಬೀಜದ ಹೋಲಿಕೆ ತಾಕು ಸರಿಯಾಗಿ ಇರಲಿಲ್ಲ.

1948ರಲ್ಲಿ ಹುಲ್ಲುಗಾವಲಿಗೆ ಗಾಳಿತಡೆ ಮರಪಟ್ಟಿ ನೆಡುವ ದೊಡ್ಡ ಯೋಜನೆ ಬಂತು. ಒಂದೇ ಜಾತಿಯ ಗಿಡಗಳ ನಡುವೆ ಪೈಪೋಟಿ ಇಲ್ಲ, ಅದು ಮಾಲ್ತಸ್‌ನ ಬೂರ್ಜ್ವಾ ಕಲ್ಪನೆ ಎಂದು ಹೇಳಿ ಲೈಸೆಂಕೊ ಓಕ್ ಬೀಜಗಳನ್ನು ಗುಂಪುಗುಂಪಾಗಿ ಒಂದೇ ಗುಣಿಯಲ್ಲಿ ಬಿತ್ತಿಸಿದ. ನೀರು, ಬೆಳಕಿಗಾಗಿ ಅವು ಒಂದನ್ನೊಂದು ಒತ್ತಿದವು, ಬಹುಪಾಲು ಸತ್ತವು. ‘ಆಂಟಿ-ಡ್ಯೂರಿಂಗ್’ ಬಗ್ಗೆ ಅಡಿಟಿಪ್ಪಣಿ ಅವರು ಬರೆದದ್ದನ್ನು ಇಲ್ಲಿ ಇಟ್ಟು ನೋಡಿ: 70 ವರ್ಷ ಮೊದಲೇ ಎಂಗೆಲ್ಸ್ ಕೊಟ್ಟ ಎಚ್ಚರಿಕೆಯನ್ನು ಎಂಗೆಲ್ಸ್ ಹೆಸರು ಹೇಳಿಕೊಂಡೇ ಮುರಿದರು. ಇದಕ್ಕೆ ತೆತ್ತ ಬೆಲೆಯಲ್ಲಿ ನಿಕೊಲಾಯ್ ವಾವಿಲೊವ್ ಹೆಸರನ್ನು ಹೇಳಲೇಬೇಕು. ಬೆಳೆಗಳ ಮೂಲ ನೆಲೆಗಳನ್ನು ಗುರುತಿಸಿ, ಲೆನಿನ್‌ಗ್ರಾಡ್‌ನಲ್ಲಿ ಜಗತ್ತಿನ ದೊಡ್ಡ ಬೀಜಸಂಗ್ರಹ ಕಟ್ಟಿದವರು, 1940ರಲ್ಲಿ ಬಂಧನವಾಗಿ 1943ರ ಜನವರಿಯಲ್ಲಿ ಸರಾಟೊವ್ ಜೈಲಿನಲ್ಲಿ ತೀರಿಕೊಂಡರು.

ಅರಲ್ ಬೇರೆ ಬಗೆಯ ವೈಫಲ್ಯ, ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಅಲ್ಲಿ ಜೀವಶಾಸ್ತ್ರದ ಸುಳ್ಳಿಲ್ಲ, ನೀರಿನ ಲೆಕ್ಕವಿದೆ. ಒಣ ಹವೆಯಲ್ಲಿ ಆವಿಯಾಗಿ ಹೋಗುವ ನೀರಿಗೆ ಸರಿಸಮನಾಗಿ ಅಮು ದರಿಯಾ, ಸಿರ್ ದರಿಯಾ ನದಿಗಳು ತುಂಬುತ್ತಿದ್ದವು. 1960ರ ದಶಕದಿಂದ ಹತ್ತಿಗಾಗಿ ಆ ನೀರು ತಿರುಗಿಸಿದಾಗ, ತಳಕ್ಕೆ ಕಾಂಕ್ರೀಟ್ ಇಲ್ಲದ ಕಾಲುವೆಗಳಲ್ಲಿ ಬಹಳಷ್ಟು ಮರಳಿಗೆ ಇಂಗಿತು. ಸರೋವರ ಕುಗ್ಗಿತು, ಉಪ್ಪು ಹೆಚ್ಚಿ ಮೀನು ಸತ್ತವು, ಒಣಗಿದ ತಳದ ಉಪ್ಪು ಮತ್ತು ಕೀಟನಾಶಕದ ಧೂಳು ಊರುಗಳ ಮೇಲೆ ಹಾರಿತು. ಖಾಸಗಿ ಲಾಭ ಇಲ್ಲದ ಕಡೆಯೂ ಹೀಗಾಯಿತಲ್ಲ ಎಂದು ಕೇಳುತ್ತಾರೆ, ಕೇಳಲಿ. ಹತ್ತಿಯ ಟನ್ ಗುರಿಯನ್ನು ಮೇಲಿನಿಂದ ನಿಗದಿ ಮಾಡಿ, ಸರೋವರದ ನಷ್ಟವನ್ನು ಯಾವ ಖಾತೆಗೂ ಬರೆಯದಿದ್ದಾಗ ಯೋಜನೆಯೂ ಮಣ್ಣು ನೀರನ್ನು ಪುಕ್ಕಟೆ ಎಂದೇ ಎಣಿಸುತ್ತದೆ. ಒಡೆತನ ಬದಲಾದರೆ ಬಿರುಕು ತಾನಾಗಿ ಮುಚ್ಚುತ್ತದೆ ಎಂಬ ವಾದ ಇಲ್ಲಿ ಸೋಲುತ್ತದೆ.

ಅಡಿಟಿಪ್ಪಣಿ

ಒಂದು ಸಣ್ಣ ಸೇರ್ಪಡೆ. ಎರಡನೇ ಸಭೆಯಲ್ಲಿ ಎಂಗೆಲ್ಸ್ ಲೇಖನದ ಕೊನೆಯ ಭಾಗಕ್ಕೆ ಕನಿಷ್ಠ 40 ನಿಮಿಷ ಉಳಿಸಿಕೊಳ್ಳಿ. ಹೆಚ್ಚಿನವರು ಕೈ, ಮಿದುಳಿನ ಮಾತು ಮುಗಿದೊಡನೆ ನಿಲ್ಲಿಸುತ್ತಾರೆ. ನಿಸರ್ಗದ ಮೇಲಿನ ಪ್ರತಿ ಗೆಲುವಿಗೂ ನಿಸರ್ಗ ಸೇಡು ತೀರಿಸಿಕೊಳ್ಳುತ್ತದೆ ಎಂಬ ಮಾತು ಅಲ್ಲಿದೆ. ಕಾಡು ಕಡಿದ ಮೆಸೊಪೊಟೇಮಿಯಾ, ಆಲ್ಪ್ಸ್‌ನ ಇಟಲಿ ಮಗ್ಗುಲು, ಬೂದಿಗೊಬ್ಬರದ ಆಸೆಗೆ ಇಳಿಜಾರಿನ ಕಾಡು ಸುಟ್ಟ ಕ್ಯೂಬಾದ ಸ್ಪೇನ್ ಕಾಫಿ ತೋಟಗಾರರು, ಈ ಉದಾಹರಣೆಗಳೂ ಅಲ್ಲೇ ಇವೆ. ಕ್ಯೂಬಾದ ಬೂದಿ ಒಂದು ತಲೆಮಾರಿನ ಕಾಫಿಗಿಡಕ್ಕೆ ಸಾಕಾಯಿತು. ಆಮೇಲೆ ಮಳೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಿ ಬಂಡೆ ಉಳಿಯಿತು. ಅಲ್ಲಿಂದ ನೇರ ಮೂರನೇ ಸಭೆಯ ಗೋಧಿ ಲೆಕ್ಕಕ್ಕೆ ಹೋಗಬಹುದು, ಮಧ್ಯೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.